ನಾಕನೇ ನಂಬರು

ಹುಬ್ಬಳ್ಳಿಯಿಂದ ಬಂದ ಹುಡುಗ ಗೋಡಿಗೆ ಎರಡು ಸ್ಕ್ರೂ ಬಿಗದು
"ಇದು ಅಲ್ಲಾಡೂದಿಲ್ರಿ ಅಕ್ಕಾರ, ಇದ್ದಲ್ಲೇ ಇರತೈತಿ" ಅಂದ.
ವೈರಿಲ್ಲ. ಹೊಟ್ಟ್ಯಾಗ ಎಂಟಾಣೆಯಷ್ಟು ಒಂದು ಸೆಲ್ಲು.
ಒತ್ತಿದ್ರ ಆಫೀಸಿನ್ಯಾಗ ನನ್ನ ಟೇಬಲ್ ಮ್ಯಾಲಿನ ಡಬ್ಬಿ ಚೀರತೈತಿ,
ಆರು ಸಣ್ಣ ದೀಪದಾಗ ಒಂದು ಹತ್ತತೈತಿ.

ಬ್ಯಾಡಗಿ. ಹೊರಗ ನಲವತ್ತು ಡಿಗ್ರಿ, ಒಳಗ ನಾಕು.
ಉರಿಯೋ ಕಾಯಿಗೆ ತಂಪು ಹೊಚ್ಚಿ ಮಲಗಿಸೂದು ನಮ್ಮ ಕೆಲಸ.
ಚೀಲದ ಗೋಡಿ, ಗೋಡಿ ಹಿಂದ ಗೋಡಿ,
ಕೂಗಿದ್ರ ದನಿ ಚೀಲದಾಗ ಇಂಗಿ ಹೋಗತೈತಿ.
ಫೋನಿಗೆ ಒಂದು ಕಡ್ಡಿನೂ ಸಿಗೂದಿಲ್ಲ.
ಹೋದ ದೀಪಾವಳಿ ಮುಂದ ಹಮಾಲ ಚಮನಸಾಬ
ಬಾಗಲಾ ಬಿದ್ದು ಒಳಗ ಉಳದಿದ್ದ, ಇಪ್ಪತ್ತು ನಿಮಿಷ.
ಹೊರಗ ಬಂದಾಗ ಚಾ ಕೊಟ್ರ ಕಪ್ಪು ಹಿಡ್ಯಾಕ ಬರಲಿಲ್ಲ ಅವಗ.
ಆಮ್ಯಾಲ ಬಂದವು ಈ ಆರು ಗುಂಡಿ.

ಡಬ್ಬಿಗೆ ಎಲ್ಲೆ ಅನ್ನೂದು ಗೊತ್ತು.
ಯಾರು ಅನ್ನೂದು ಗೊತ್ತಿಲ್ಲ.
ಯಾಕ ಅನ್ನೂದಂತೂ
ಓಡಿ ಹೋದವರಿಗೇ.

ಮೊದಲ ವಾರ ಅದು ಚಾದ ಗಂಟಿ ಆತು.
ಹಮಾಲರು ಒತ್ತೂದು, ನಾ ಚಪ್ಪಲಿ ಬಿಟ್ಟು ಓಡೂದು,
"ಮೇಡಂ, ಎರಡು ಕಟ್ ಚಾ ಹೇಳ್ರಿ" ಅನ್ನೂದು ಅವರು.
ಮ್ಯಾನೇಜರ್ ಕಡ್ಲಿಮಟ್ಟಿಯವರು ಸಿಟ್ಟಾಗಿ ಬೋರ್ಡು ಬರಸಿದ್ರು:
ಪ್ರಾಣಕ್ಕೆ ಬಂದಾಗ ಮಾತ್ರ ಒತ್ತತಕ್ಕದ್ದು.
ತಪ್ಪಿದಲ್ಲಿ ನೂರು ರೂಪಾಯಿ ದಂಡ.

ಡಬ್ಬಿ ಸುಮ್ಮನಾತು.
ತೊಟ್ಟು ಬಿಡಿಸೋ ನೀಲವ್ವ ಘಾಟು ಏರಿ, ಕೆಮ್ಮಿ ಕೆಮ್ಮಿ
ಕಣ್ಣು ಮ್ಯಾಲ ಮಾಡಿದಾಗ ಗುಂಡಿ ಎರಡು ಮಾರು ದೂರ ಇತ್ತು.
ತಾಟಿನ ಮ್ಯಾಲ ಹೊತ್ಕೊಂಡು ಹೊರಗ ತಂದ್ರು ಹೆಣ್ಮಕ್ಕಳು.
ಯಾಕ ಒತ್ತಲಿಲ್ಲ ಅಂದೆ.
"ಪ್ರಾಣಕ್ಕೇನು ಬಂದಿದ್ದಿಲ್ಲ ಬಿಡ್ರಿ" ಅಂದ್ಲು, ನೀರು ಕುಡದು.
ಎಷ್ಟು ತೂಕ ಆದ್ರ ಪ್ರಾಣ ನೂರು ರೂಪಾಯಿ ದಾಟತೈತಿ?
ತಕ್ಕಡಿ ನಮ್ಮಲ್ಲೇ ಐತಿ. ಯಾರೂ ಇಟ್ಟು ನೋಡಿಲ್ಲ.

ಗುರುವಾರ. ಪ್ಯಾಟಿ ದಿನ. ಲಾರಿ ಸಾಲು ರೋಡಿನ ತನಕ.
ನಾ ತೂಕದ ಚೀಟಿ ಬರಿಯಾಕತ್ತಿದ್ದೆ.
ನಾಕನೇ ದೀಪ.
ಚಾದವರು ಒತ್ತಿ ಬಿಡತಿದ್ರು. ಇದು ಬೆರಳು ತಗೀಲಿಲ್ಲ.

ಕಟ್ಟಕಡೀ ಸಂದ್ಯಾಗ ಶಿವಗಂಗಾ, ಕೆಲಸಕ್ಕ ಬಂದು ಎರಡ ತಿಂಗಳಾದಾಕಿ,
ಗೋಡಿಗೆ ಬೆನ್ನು ಹಚ್ಚಿ ನಿಂತಿದ್ಲು, ಎಡಗೈ ಹಿಂದ.
ಎದುರಿಗೆ ಒಂದು ಮೊಳ ದೂರ ಮುಕದ್ದಮ, ನಕ್ಕೋತ.
ಮೂವರ ಉಸಿರೂ ಹೊಗಿ ಆಗಿ ಕಾಣತಿತ್ತು.
ಆಕೀದು ಎಲ್ಲಾರ್ಗಿಂತ ಜಲ್ದಿ.
"ಏನಿಲ್ರಿ ಮೇಡಂ" ಅಂದ. "ಕೈ ತಾಗಿತು."

ನನ್ನ ಹಿಂದ ನೀಲವ್ವ ಬಂದಿದ್ಲು, ಸೆರಗು ಸೊಂಟಕ್ಕ ಸಿಗಿಸಿ,
ಆಕಿ ಹಿಂದ ಮತ್ತೆಂಟು ಮಂದಿ, ಖಾರದ ಕೈಯಿನವರು.
"ಯಾರ ಕೈ?" ಅಂದ್ಲು ನೀಲವ್ವ.
"ಎದಕ ತಾಗಿತು?"

ಅವನ ನಗಿಗೆ ಹೋಗಾಕ ಜಾಗ ಸಿಗಲಿಲ್ಲ.
ಶಿವಗಂಗಾ ಇನ್ನೂ ಬೆರಳು ತಗದಿದ್ದಿಲ್ಲ.
ಅಲ್ಲೆ ಆಫೀಸಿನ್ಯಾಗ
ಖಾಲಿ ಕುರ್ಚಿ ಮುಂದ ಡಬ್ಬಿ ಚೀರಕೋತನ ಇತ್ತು.

ರಜಿಸ್ಟರಿನ್ಯಾಗ ಮೂರು ಮನಿ: ಟೈಮು, ನಂಬರು, ಕಾರಣ.
"ತಪ್ಪಿ ಒತ್ತಿದ್ದು ಅಂತ ಬರೀರಿ. ಸೀಜನ್ ಐತಿ,
ಮುಕದ್ದಮ ಹೋದ್ರ ಹಿಂದ ನಲವತ್ತು ಆಳು ಹೋಗತಾವ."
ಪೆನ್ನಿನ ಟೋಪಿ ತಗದೆ, ಹಾಕಿದೆ, ತಗದೆ.
ಅವರ ಬೋರ್ಡಿನ ಮಾತನ್ನ ಬರದೆ:
ಪ್ರಾಣಕ್ಕೆ ಬಂದಿತ್ತು.

ಕಡ್ಲಿಮಟ್ಟಿಯವರು ಓದಿದ್ರು. ಏನೂ ಅನ್ನಲಿಲ್ಲ.
ಮರುದಿನ ದಂಡದ ಸಾಲಿನ ಮ್ಯಾಲ ಸುಣ್ಣ ಬಡದಿತ್ತು.
ಮುಕದ್ದಮ ಈಗೂ ಬರತಾನ, ಲಾರಿ ತನಕ.
ಬಾಗಲಾ ದಾಟೂದಿಲ್ಲ. ಅಷ್ಟ.

ತಿಂಗಳ ಒಂದನೇ ತಾರೀಖು ಆರೂ ಗುಂಡಿ ಒತ್ತಿ ನೋಡತೇನಿ.
ನಾಕನೇದರ ಅಂಚಿಗೆ ಒಂದು ಕೆಂಪು ಬೆರಳಿನ ಗುರತು,
ಒರಸಿದ್ರ ಹೋಗೂದಿಲ್ಲ,
ಇಲ್ಲಾ ನಾನ ಜೋರಾಗಿ ಒರಸಿಲ್ಲ.
ಸಂಜಿ ಮನ್ಯಾಗ ಕುಕ್ಕರು ಸೀಟಿ ಹೊಡದ್ರ
ಕೈಯಾಗಿನ ಸೌಟು ಬಿಟ್ಟು
ನಂಬರು ಎಷ್ಟು ಅಂತ ಹುಡುಕತೇನಿ.