ಎಣ್ಣೆ ಹೀರಿದ ಸುದ್ದಿ

ಗಂಡನ ಹೆಸರು ಹೇಳಬಾರದಂತೆ, ಹೇಳುತ್ತೇನೆ: ಮುರಿಗೆಪ್ಪ.
ಇವರಿಗೆ ಪೇಪರಿನ ಮೊದಲ ಪುಟ ಎಂದರೆ
ಮದುವೆಯ ಕರೆಯೋಲೆ ಬಂದ ಹಾಗೆ.
ಕರೆದವರು ಯಾರೆಂದು ಗೊತ್ತಿಲ್ಲದಿದ್ದರೂ ಹೋಗಲೇಬೇಕು.

"ಆರ್ಥಿಕತೆಗೆ ರೆಕ್ಕೆ" ಎಂದಿದ್ದರೆ ಒಂದು ಸಾವಿರ,
"ಗೂಳಿಯ ನಾಗಾಲೋಟ" ಎಂದರೆ ಎರಡು,
ಯಾರಾದರೂ ಕೋಟು ತೊಟ್ಟು ನಗುವ ಫೋಟೊ ಇದ್ದರೆ
ನನ್ನ ಚೀಟಿ ದುಡ್ಡಿನ ಮೇಲೆ ಕಣ್ಣು.

ನಾನು ಚೌಕಿಪೇಟೆಯ ಅಂಗಡಿಯಲ್ಲಿ
ಇಪ್ಪತ್ತೆರಡು ವರ್ಷ ಸೀರೆ ಮಡಿಚಿದವಳು.
"ಹೊಸ ಸ್ಟಾಕ್ ಬಂದಿದೆ" ಬೋರ್ಡನ್ನು
ಹಳೇದು ಖಾಲಿಯಾಗದ ವಾರಗಳಲ್ಲೇ
ನನ್ನ ಕೈಯಾರೆ ಬರೆದು ತೂಗುಹಾಕಿದ್ದೇನೆ.
ಸೀರೆ ಮಡಿಸುವುದೇ ಸೆರಗು ಮೇಲೆ ಬರುವಂತೆ.
ಒಡಲು ಬೇಕೆನ್ನುವವರು
ಗಲ್ಲಾದ ಮೇಲಿನ ಸಾಹುಕಾರರ ಮುಖ ನೋಡದೆ
"ಬಿಚ್ಚಿ ತೋರ್ಸ್ರಿ" ಅನ್ನಬೇಕು.
ಅನ್ನುವವರು ಹತ್ತರಲ್ಲಿ ಒಬ್ಬರು.

ಊರೆಲ್ಲ ಸುಖವಾಗಿದೆ ಎಂದು ಪೇಪರು ಬರೆದ ವಾರ
ಮುಹೂರ್ತದ ಸೀರೆಗೆ ಬಂದವರು
ಫಾಲ್ ಹೊಲಿಸಲು ಐವತ್ತು ರೂಪಾಯಿಗೆ ಜಗಳವಾಡಿದರು.
ಜನ ಕೈ ಬಿಗಿಹಿಡಿದಿದ್ದಾರೆ ಎಂದ ವಾರ
ಹರಿಹರದ ಒಬ್ಬಾಕೆ ನಗದು ಎಣಿಸಿ
ಏಳು ಇಳಕಲ್ ಒಯ್ದಳು.

ಹಾಗಂತ ನಾನೇನೂ ಜಾಣೆಯಲ್ಲ.
ಲಾಕ್‌ಡೌನ್ ಮುಗಿದ ವರ್ಷ
ಪೇಪರು ಏರುತ್ತದೆ ಎಂದಿತ್ತು, ನಾನು ಬೇಡ ಎಂದೆ.
ಏರಿತು.
ಇವತ್ತಿಗೂ ಸಾರಿಗೆ ಉಪ್ಪು ಹೆಚ್ಚಾದರೆ
ಆ ಲೆಕ್ಕ ಹೊರಗೆ ಬರುತ್ತದೆ.

ಮೊನ್ನೆ ಭಾನುವಾರ ಸಂಜೆ
ಜಯದೇವ ಸರ್ಕಲ್ ಹತ್ತಿರದ ಗಾಡಿಯಲ್ಲಿ
ಖಾರ ಮಂಡಕ್ಕಿ, ನಾಲ್ಕು ಮಿರ್ಚಿ.
ಸುತ್ತಿ ಕೊಟ್ಟ ಪೇಪರನ್ನು ಬಿಚ್ಚಿ, ಸವರಿ,
ಇವರು ಬೀದಿದೀಪಕ್ಕೆ ಹಿಡಿದರು.
"ನಿರೀಕ್ಷೆ ಮೀರಿದ ಬೆಳವಣಿಗೆ: ಹೂಡಿಕೆದಾರರಿಗೆ ಹಬ್ಬ.
ನೋಡಿದ್ಯಾ! ಮುಂಜಾನೆ ನನ್ ಕಣ್ಣಿಗೆ ಬಿದ್ದೇ ಇಲ್ಲ ಇದು."
ಬಾಯಲ್ಲಿ ಮೆಣಸಿನಕಾಯಿ, ಕಣ್ಣಲ್ಲಿ ನೀರು,
ಕಿವಿಯಲ್ಲಿ ಫೋನು:
"ಕೊಟ್ರೇಶಿ, ನಾಳೆ ಮಾರ್ಕೆಟ್ ತೆಗೆದ ಕೂಡ್ಲೆ ನಲವತ್ತು ಸಾವಿರ..."

ನಲವತ್ತು ನನ್ನದು.

ಪೇಪರು ಇಸಿದುಕೊಂಡೆ.
ಎಣ್ಣೆ ಹೀರಿದ ಕಡೆ ಹಾಳೆ ಗಾಜಾಗಿತ್ತು.
ಈಚೆಯ ಹಬ್ಬದ ಒಳಗಿಂದ
ಆಚೆ ಪುಟದ ಬ್ಯಾಂಕ್ ಹರಾಜಿನ ನೋಟಿಸು
ಕನ್ನಡಿಯ ಅಕ್ಷರದಂತೆ ತಿರುಗಿ ಕಾಣುತ್ತಿತ್ತು,
ಯಾರದೋ ಮೂವತ್ತು ನಲವತ್ತರ ಸೈಟು.
ಮಿರ್ಚಿ ತೊಟ್ಟು ಅಂಟಿದ ಮೂಲೆಯಲ್ಲಿ ತಾರೀಖು.
ಹೋದ ವರ್ಷದ್ದು.

ಗಾಡಿಯ ಹಜರತ್‌ಬಿ ನಕ್ಕಳು.
"ರದ್ದಿ ಅಕ್ಕಾ. ಕೆಜಿಗೆ ಹದಿನೆಂಟು.
ಒಳ್ಳೇ ಸುದ್ದಿಗೆ ಬ್ಯಾರೆ ರೇಟ್ ಇಲ್ಲ."

ಆ ಹಬ್ಬದ ಮಾರನೆಯ ದಿನ ಏನಾಯಿತು?
ಏರಿತೋ, ಬಿತ್ತೋ?
ಇಬ್ಬರೂ ಮಂಡಕ್ಕಿ ಜಗಿಯುತ್ತ ಯೋಚಿಸಿದೆವು,
ನೆನಪಾಗಲಿಲ್ಲ.
ನೆನಪಾದದ್ದು ಅದೇ ತಿಂಗಳ
ನನ್ನ ತಂಗಿ ಗಂಗವ್ವನ ಪಿತ್ತಕೋಶದ ಆಪರೇಷನ್ನು,
ಇವರು ಷೇರು ಮಾರಿ ತಂದ ಅರವತ್ತೆರಡು ಸಾವಿರ.
ಲಾಭವೋ ನಷ್ಟವೋ ಎಂದು ಕೇಳಲು
ಬಿಲ್ ಕೌಂಟರಿನ ಮುಂದೆ ಯಾರಿಗೂ ಪುರುಸೊತ್ತಿರಲಿಲ್ಲ.

ಇವರು ಮತ್ತೆ ಫೋನು ತೆಗೆದರು.
"ಕೊಟ್ರೇಶಿ, ತಡಿ."
ಎಷ್ಟು ದಿನ ಅಂತ ಆ ಕಡೆಯಿಂದ ಕೇಳಿರಬೇಕು,
ನನ್ನ ಕಡೆ ನೋಡಿದರು.
ಉಳಿದೊಂದು ಮಿರ್ಚಿಯನ್ನು
ಅದೇ ಸುದ್ದಿಯಲ್ಲಿ ಸುತ್ತಿ ಬ್ಯಾಗಿಗೆ ಹಾಕುತ್ತ ಅಂದೆ:
"ಒಡಲು ನೋಡಿ ಹೇಳ್ತಾಳಂತೆ ಅನ್ರಿ."