ಬಾಗಿಲ ಮುಂದಿನ ದಿಬ್ಬ

ಅಪ್ಪ ಹೋಗಿ ಹತ್ತೊಂಬತ್ತನೆಯ ದಿನ
ಊರಿಗೆ ಈ ವರ್ಷದ ಮೊದಲ ಹಿಮ ಬಿತ್ತು,
ರಾತ್ರಿಯಿಡೀ, ಅಡ್ಡಗಾಳಿಯೊಡನೆ.

ಫಿನ್‌ಮಾರ್ಕಿನ ಈ ತುದಿಯಲ್ಲಿ
ಕಡಲಿಗೂ ಕಲ್ಲುಗುಡ್ಡಕ್ಕೂ ನಡುವೆ
ನೂರಾ ನಲವತ್ತು ಮನೆ, ಒಂದೇ ರಸ್ತೆ.
ಮೂವತ್ತೊಂದು ಚಳಿಗಾಲ ಆ ರಸ್ತೆಯನ್ನು
ದಿನಾ ನಸುಕಿನಲ್ಲಿ ಹುಡುಕಿ ತೆಗೆದವನು ಟೊರ್‌ಲೈಫ್.
ಪುರಸಭೆಯ ಲೆಕ್ಕದಲ್ಲಿ ಹಿಮಲಾರಿಯ ಚಾಲಕ.
ನಮ್ಮ ಲೆಕ್ಕದಲ್ಲಿ, ಮೂರಕ್ಕೇ ಎದ್ದು
ಒಲೆ ಹೊತ್ತಿಸಿ, ಅದರ ಸರಳಿನ ಮೇಲೆ
ನಮ್ಮ ಉಣ್ಣೆಯ ಕಾಲುಚೀಲಗಳನ್ನು ಹರವಿ,
ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋಗುವವನು.

ಸದ್ದಾದರೂ ಅಮ್ಮನಿಗೆ ಕೇಳುತ್ತಿರಲಿಲ್ಲ.
ಏಳು ವರ್ಷದವಳಿದ್ದಾಗ ಬಂದ ಜ್ವರ
ಹೋಗುವಾಗ ಎರಡೂ ಕಿವಿಗಳನ್ನು ಒಯ್ದಿತ್ತು.
ಆದರೂ ಮೆಲ್ಲಗೇ ಎಳೆಯುತ್ತಿದ್ದ.

ಅವಳಿಗಾಗಿ ಕೈಮಾತು ಕಲಿತಿದ್ದ, ಇಪ್ಪತ್ನಾಲ್ಕರಲ್ಲಿ,
ಮೀನು ಸೀಳಿ ಸೀಳಿ ಮರಗಟ್ಟಿದ ಬೆರಳಲ್ಲಿ.
ಮೊದಲ ಸಲ ಅವರ ಮನೆಗೆ ಊಟಕ್ಕೆ ಹೋದಾಗ
'ಬೆಣ್ಣೆ' ಎನ್ನಲು ಹೋಗಿ 'ಮದುವೆ' ಎಂದನಂತೆ.
ಅಮ್ಮ ಬೆಣ್ಣೆಯನ್ನಷ್ಟೇ ದಾಟಿಸಿದಳಂತೆ ಅಂದು,
ಉಳಿದದ್ದಕ್ಕೆ ಆರು ತಿಂಗಳು ತೆಗೆದುಕೊಂಡಳಂತೆ.

ದೇವರಂಥವನೇನಲ್ಲ.
ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ, ನಮ್ಮ ಹತ್ತಿರವೂ.
ಒಮ್ಮೆ ಸಿಟ್ಟು ನೆತ್ತಿಗೇರಿ
ಅಣ್ಣ ಐವಿನ್‌ನ ಗಿಟಾರನ್ನು ಕಿಟಕಿಯಾಚೆ ಎಸೆದ.
ತಪ್ಪಾಯಿತು ಎನ್ನಲಿಲ್ಲ, ಜೂನ್ ಬಂದರೂ.
ಜೂನಿನಲ್ಲೊಂದು ದಿನ ಮೇಜಿನ ಮೇಲೆ
ಡೀಸೆಲ್ ಬಿಲ್ಲಿನಡಿ, ಹೊಸ ತಂತಿಗಳ ಪೊಟ್ಟಣ.

ಲಾರಿ ನಮ್ಮ ಮನೆ ಹಾಯುವಾಗ
ಅದರ ನೆತ್ತಿಯ ಕಿತ್ತಳೆ ದೀಪ
ಆರಿ ಹೊತ್ತುತ್ತಿತ್ತು, ಮೂರು ಸಲ.
ಕತ್ತಲ ಕೋಣೆಯ ಗೋಡೆ, ಅಮ್ಮನ ಹಣೆ
ಮೂರು ಸಲ ಕಿತ್ತಳೆಯಾಗುತ್ತಿದ್ದವು.
'ಹಾಗೆಂದರೆ ಏನು?' ಚಿಕ್ಕವಳಿದ್ದಾಗ ಕೇಳಿದ್ದೆ.
'ರಸ್ತೆ ಜಾರುತ್ತದೆ, ಮಕ್ಕಳಿಗೆ ಮುಳ್ಳಿನ ಬೂಟು ಹಾಕು'
ಎಂದವು ಅಮ್ಮನ ಬೆರಳುಗಳು.
'ದಿನಾ ಅದೇನಾ?'
'ದಿನಾ ಅದೇ' ಎಂದಳು,
ಮುಖವನ್ನು ಅತ್ತ ತಿರುಗಿಸಿಕೊಂಡು.

ನಿನ್ನೆ ರಾತ್ರಿ ಲಾರಿ ಬಂತು. ಹೊಸ ಹುಡುಗ, ಯೋಸ್ಟೈನ್.
ಅಮ್ಮ ದಿಂಬಿಗೊರಗಿ ಗೋಡೆ ನೋಡುತ್ತಾ ಕೂತಿದ್ದಳು.
ದೀಪ ಗರಗರ ತಿರುಗುತ್ತಲೇ ಬಂತು,
ತಿರುಗುತ್ತಲೇ ಹೋಯಿತು.

ಬೆಳಗ್ಗೆ ಬಾಗಿಲು ತೆರೆಯಲಿಲ್ಲ.
ಹೆಗಲು ಕೊಟ್ಟು ನೂಕಿದರೆ ಹೊರಗೆ
ಲಾರಿ ಬದಿಗೆ ತಳ್ಳಿದ ಹಿಮದ ದಿಬ್ಬ,
ಮೊಣಕಾಲೆತ್ತರ, ಕಲ್ಲಿನಂತೆ ಗಟ್ಟಿ.
ಎದುರುಮನೆಯ ಗುಡ್‌ವೈಗ್ ಅಜ್ಜಿಯ ಮುಂದೂ ದಿಬ್ಬ,
ಅದರಾಚೆಯ ಮನೆಗೂ, ಅದರಾಚೆಗೂ.
ಅಜ್ಜಿ ಕಿಟಕಿಯಿಂದಲೇ ಕೂಗಿದಳು:
'ಇಷ್ಟು ವರ್ಷ ಇದೆಲ್ಲಾ ಎಲ್ಲಿತ್ತೇ?'

ಎಲ್ಲಿತ್ತು ಎಂದು ಆಗಲೇ ಹೊಳೆದದ್ದು ನನಗೆ.
ಪ್ರತಿ ಬಾಗಿಲಿಗೂ ಬ್ಲೇಡು ಎತ್ತಿ, ಓರೆ ಮಾಡಿ,
ಎದುರಿನ ಖಾಲಿ ಜಾಗಕ್ಕೆ ಸುರಿದು, ಮತ್ತೆ ಇಳಿಸಿ,
ನೂರಾ ನಲವತ್ತು ಸಲ.
ಒಂದು ದಿನವೂ ಬಾಯಿಬಿಟ್ಟು ಹೇಳದೆ.
ಅದಕ್ಕೇ ಅವನ ಬಲಭುಜ ಅಷ್ಟು ನೋಯುತ್ತಿದ್ದದ್ದು,
ನಾವು ಅದನ್ನು ವಯಸ್ಸು ಎಂದುಕೊಂಡದ್ದು.

ಅಮ್ಮ ಸಲಿಕೆಯನ್ನು ನನ್ನ ಕೈಗೆ ಕೊಡಲಿಲ್ಲ.
ಅಗೆದಳು, ನಿಂತಳು, ಅಗೆದಳು.
ನಡುವೆ ಒಮ್ಮೆ ಆ ದಿಬ್ಬದ ಮೇಲೇ ಕೂತು
ಹೆಗಲು ಕುಲುಕುವಷ್ಟು ನಕ್ಕಳು,
ಅಥವಾ ನಗುವೆಂದು ನನಗೆ ಕಂಡಿತು.

ಮಧ್ಯಾಹ್ನ ಯೋಸ್ಟೈನ್ ಬಂದ, ಟೋಪಿ ಕೈಯಲ್ಲಿ ಹಿಡಿದು.
ಊರೆಲ್ಲಾ ಬೈದಿತ್ತು ಪಾಪ.
ಅಮ್ಮ ಅವನಿಗೆ ಕಾಫಿ ಕೊಟ್ಟಳು,
ಹಾಳೆ ಹಾಸಿ ರಸ್ತೆ ಬರೆದಳು,
ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು,
ಯಾರ ಮನೆಯ ಮೆಟ್ಟಿಲು ರಸ್ತೆಗೆ ಚಾಚಿದೆ,
ಗಾಡಿಕುರ್ಚಿ ಯಾವ ಬಾಗಿಲಿಂದ ಹೊರಬರುತ್ತದೆ,
ಒಂದೊಂದನ್ನೂ ಗುರುತು ಹಾಕಿ.
ಅವಳಿಗೆ ಇದೆಲ್ಲಾ ಮೊದಲೇ ಗೊತ್ತಿತ್ತು!

ದೀಪದ ವಿಷಯ ಮಾತ್ರ ಹೇಳಲಿಲ್ಲ.