ಹದಿನೇಳಕ್ಕೆ ಬೇರೆ

ಜೋಗಿಮಟ್ಟಿಯ ಬೆನ್ನ ಮೇಲೆ ನಲವತ್ತೆರಡು ಕಂಬ,
ಕಂಬದ ಬುಡಕ್ಕೊಂದು ಕಬ್ಬಿಣದ ಬಾಗಿಲು,
ಬಾಗಿಲ ಹಿಂದೆ ಊಟದ ಡಬ್ಬಿಯಷ್ಟು ಸರ್ವರು.
ಗಾಳಿಯ ಲೆಕ್ಕ ಬರೆಯುವುದು ಅದರ ಕೆಲಸ,
ಬರೆಯಲು ಕಲಿಸುವುದು ನನ್ನದು.

ಮೊದಲ ವರ್ಷ ಪೆನ್‌ಡ್ರೈವ್ ಕೊರಳಿಗೆ ಕಟ್ಟಿಕೊಂಡು ಹೋದೆ.
ಜೀಪು, ಕಲ್ಲುದಾರಿ, ಬೀಗದ ಕೈ ಗೊಂಚಲು.
ಇನ್‌ಸ್ಟಾಲ್, ಹೌದು, ಹೌದು, ಎಂಟರ್;
ಮೂವತ್ತನೆಯ ಕಂಬ ಮುಟ್ಟುವ ಹೊತ್ತಿಗೆ
ಮೊದಲನೆಯದಕ್ಕೆ ಏನು ಹೇಳಿದ್ದೆನೋ ಮರೆತಿರುತ್ತಿತ್ತು.
ಒಂದೇ ಪಾಠ, ನಲವತ್ತೆರಡು ಉಚ್ಚಾರ.

ಆಮೇಲೆ ಕೂತು ಬರೆದೆ. ಒಂದೇ ಕಡತ.
ಹೇಗೆ ಮಾಡಬೇಕು ಅಂತಲ್ಲ,
ಕೊನೆಗೆ ಹೇಗಿರಬೇಕು ಅಂತ.
ಈ ಪ್ಯಾಕೇಜು ಇರಲಿ. ಈ ಸೇವೆ ಎದ್ದಿರಲಿ.
ಈ ಸಾಲುಗಳು ಅಕ್ಷರಕ್ಕಕ್ಷರ ಹೀಗೇ ಇರಲಿ.
ಇದ್ದರೆ ಸುಮ್ಮನೆ ಮುಂದಕ್ಕೆ ಹೋಗು, ಇಲ್ಲದಿದ್ದರೆ ಇರಿಸು.
ಒಂದು ಸ್ಪೇಸು ಹೆಚ್ಚಾದರೆ ಮುನಿಸಿಕೊಳ್ಳುವ ಭಾಷೆ.
ಅಮ್ಮಿ ರೊಟ್ಟಿ ತಟ್ಟುತ್ತ ಇಣುಕಿದಳು:
ಯಾರಿಗೆ ಇಷ್ಟುದ್ದ ಅರ್ಜಿ?

ಮಂಗಳವಾರ ಬೆಳಿಗ್ಗೆ, ಹೊಳಲ್ಕೆರೆ ರಸ್ತೆಯ ಆಫೀಸು,
ಚಹಾದ ಕೆನೆ ಇನ್ನೂ ಮುರಿದಿರಲಿಲ್ಲ,
ಎಂಟರ್ ಒತ್ತಿದೆ.
ಗುಡ್ಡದ ಮೇಲೆ ಯಾರ ಬೂಟಿನ ಸದ್ದೂ ಇಲ್ಲದೆ
ನಲವತ್ತೆರಡು ಬಾಗಿಲು ಒಳಗಿಂದಲೇ ತೆರೆದವು.
ಹಳದಿ, ಹಳದಿ, ಹಸಿರು, ಹಳದಿ.
ಪರೀಕ್ಷೆಗೆಂದು ಮತ್ತೊಮ್ಮೆ ಒತ್ತಿದೆ.
ಬದಲಾದದ್ದು: ಸೊನ್ನೆ.
ಅಷ್ಟು ದುಂಡಗಿನ ಸುಖ ನಾನು ಕಂಡಿರಲಿಲ್ಲ.

ಸಂಜೆ ಆರೂ ಹತ್ತಕ್ಕೆ ಹದಿನೇಳು ನಿಂತಿತು.
ಬುಧವಾರ, ಆರೂ ಹತ್ತು. ಗುರುವಾರವೂ.
ಸುತ್ತಲ ರೆಕ್ಕೆಗಳೆಲ್ಲ ತಿರುಗುತ್ತಿರುವಾಗ
ಇದೊಂದು, ತರಗತಿಯಲ್ಲಿ ಕೈ ಎತ್ತಿ
ಕೇಳುವವರಿಲ್ಲದೆ ನಿಂತ ಹುಡುಗಿಯ ಹಾಗೆ.

ನನ್ನ ಕಡತ ಅಳಿಸುವ ಮುಂಚೆ ನಕಲು ಇಡುತ್ತದೆ, ಅದೊಂದು ಪುಣ್ಯ.
ತೆರೆದೆ. ನಾನು ಎಲ್ಲಕ್ಕೂ ಕೊಟ್ಟದ್ದು:
ಗಾಳಿ ದಿಕ್ಕು ತಪ್ಪಿದರೆ ಹತ್ತು ಸೆಕೆಂಡು ಕಾಯಿ, ಆಮೇಲೆ ನಿಲ್ಲಿಸು.
ಅಲ್ಲಿದ್ದದ್ದು ತೊಂಬತ್ತು.
ಮೇಲೊಂದು ಸಾಲು, ಹ್ಯಾಶ್ ಗುರುತಿನ ಮರೆಯಲ್ಲಿ,
ಇಂಗ್ಲಿಷ್ ಅಕ್ಷರ ತೊಟ್ಟ ದುರ್ಗದ ಕನ್ನಡ:
ಸಂಜಿಕೆ ಇಲ್ಲಿ ಗಾಳಿ ತಿರುಗ್ತೈತೆ. ಮುಟ್ಟಬ್ಯಾಡ್ರಿ. ಓಬಳೇಶ.

ಅವರೀಗ ಚಳ್ಳಕೆರೆಯಲ್ಲಿ ಮೋಟಾರು ಸುತ್ತುತ್ತಾರೆ.
ಫೋನಿನಲ್ಲಿ ತಾಮ್ರದ ತಂತಿಯ ಕಿರ್‌ಕಿರ್.
“ಎರಡು ಬ್ಯಾಸಿಗೆ ನೋಡಿ ಬರ್ದಿದ್ದು ಕಣವ್ವ ಅದು.
ಆ ಕಣಿವೇಲಿ ಗಾಳಿ ಒಂದು ಗಳಿಗೆ ಹಿಂದಕ್ಕೆ ನೋಡಿ
ಆಮ್ಯಾಕೆ ದಾರಿ ಹಿಡಿತೈತೆ. ಅಷ್ಟು ಪುರಸೊತ್ತು ಕೊಡು.”

ಹೊಸದೊಂದು ಪುಟ್ಟ ಕಡತ ಸೇರಿಸಿದೆ:
ಹದಿನೇಳಕ್ಕೆ ಬೇರೆ. ತೊಂಬತ್ತು.
ಅವರ ಸಾಲನ್ನು ಅವರ ಕಾಗುಣಿತದಲ್ಲೇ ಇಳಿಸಿ
ಕೆಳಗೆ ಬರೆದೆ: ಕೇಳಿ ತಿಳಿದದ್ದು. ಶಾಹೀನ.

ಶುಕ್ರವಾರ ಆರೂ ಹತ್ತಕ್ಕೆ ಕಿಟಕಿಗೆ ಹೋದೆ.
ಇಲ್ಲಿಂದ ಹದಿನೇಳು ಕಾಣುವುದಿಲ್ಲ, ಗುಡ್ಡ ಅಡ್ಡ.
ತೆರೆಯ ಮೇಲೆ ಅಂಕಿ ತಡವರಿಸಿತು,
ಇಳಿಯಿತು, ಇಳಿಯಿತು,
ಮತ್ತೆ ಏರಿತು.

ಉಳಿದ ನಕಲುಗಳನ್ನು ಈಗ ಒಂದೊಂದಾಗಿ ಓದುತ್ತಿದ್ದೇನೆ,
ರಾತ್ರಿ ಊಟವಾದ ಮೇಲೆ.
ಇಪ್ಪತ್ತಮೂರರಲ್ಲಿ ಇನ್ನೊಂದು ಹ್ಯಾಶ್ ಸಿಕ್ಕಿತು:
ಬಾಗಿಲ ಸಂದೀಲಿ ಜೇನು ಕಟ್ಟೈತೆ. ನಿಧಾನಕ್ಕೆ ತೆಗೀರಿ.